‘ಊಟ ಆತೇನು’ ಎಂಬುದರ ಅಡಿಸಾಲು

ಬಾಗಲಕೋಟೆ,
ಫೆಬ್ರವರಿ ೩೦, ೨೧೯೧

ಹಿಂದಿನ ಕಾಲದ ಹಿರಿಯರಿಗೆ ದಾನಮ್ಮನ ನಮಸ್ಕಾರಗಳು.

ತಾರೀಖು ನೋಡಿ ನಗಬೇಡಿ, ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ನನ್ನ ಕೆಲವು ಪದಗಳು ನಿಮಗೆ ವಿಚಿತ್ರ ಅನ್ನಿಸಬಹುದು. ಕ್ಷಮಿಸಿ, ಬಿಡಿಸಿ ಹೇಳುತ್ತೇನೆ.

ನಿಮ್ಮ ಕಾಲದ ಜಾಲತಾಣಗಳಲ್ಲಿ ಯಾರು ಯಾರಿಗೆ ಬರೆಯುತ್ತಾರೆ, ಯಾರು ಯಾರನ್ನು ಬಿಡುತ್ತಾರೆ ಎಂದು ಯಂತ್ರ ಮೊದಲೇ ಹೇಳುತ್ತಿತ್ತಂತೆ, ಕಾರಣ ಮಾತ್ರ ಬಾಯಿ ಬಿಡುತ್ತಿರಲಿಲ್ಲವಂತೆ. ಕಾರಣ ಹೇಳಲೇಬೇಕೆಂದು ನೀವು ಹಟ ಹಿಡಿದಿರಿ. ನ್ಯಾಯವಾಗಿಯೇ ಕೇಳಿದಿರಿ. ಈಗ ಹೇಳುತ್ತದೆ, ಬೇಡವೆಂದರೂ ಹೇಳುತ್ತದೆ. ನಾವು ಕಳಿಸುವ ಪ್ರತಿ ಸಂದೇಶದ ಕೆಳಗೆ, ಅದನ್ನು ಯಾಕೆ ಕಳಿಸಿದೆವು ಎಂಬುದು ಸಣ್ಣ ಅಕ್ಷರದಲ್ಲಿ ಮೂಡುತ್ತದೆ. ಅದೇ ಅಡಿಸಾಲು. ಅದರ ಮೇಲೆ ಬೆರಳಿಟ್ಟರೆ ಪುರಾವೆಯನ್ನೂ ತೋರಿಸುತ್ತದೆ. ಕಾಯಿಪಲ್ಲೆಯವಳು ‘ಬದನಿಕಾಯಿ ಎಳೇವು ಅದಾವ್ರಿ’ ಎಂದರೆ ಕೆಳಗೆ ‘ನಿನ್ನೆಯವು ಉಳಿದಿವೆ’. ಬೀಗರು ‘ಮದುವಿಗೆ ತಪ್ಪಸಬ್ಯಾಡ್ರಿ’ ಎಂದರೆ ಕೆಳಗೆ ‘ನೀವು ಬರುವುದಿಲ್ಲವೆಂಬ ಧೈರ್ಯದಿಂದ ಕರೆದಿದ್ದಾರೆ’. ಮೊದಮೊದಲು ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ಈಗ ಜನ ಮೊದಲು ಅಡಿಸಾಲು ಓದುತ್ತಾರೆ, ಮನಸ್ಸಿದ್ದರೆ ಮಾತು.

ನನಗೆ ಒಬ್ಬಳೇ ಅಕ್ಕ, ಮಹಾನಂದಾ, ವಿಜಯಪುರದಲ್ಲಿದ್ದಾಳೆ. ದಿನಾ ಮಧ್ಯಾಹ್ನ ನಾನು ‘ಊಟ ಆತೇನಕ್ಕಾ?’ ಎಂದು ಕಳಿಸುವುದು, ಅವಳು ‘ಆತವಾ, ನಿಂದು?’ ಎನ್ನುವುದು ವರ್ಷಗಟ್ಟಲೆ ನಡೆದಿತ್ತು. ಹೋದ ಶ್ರಾವಣದಲ್ಲಿ ನನ್ನ ಪ್ರಶ್ನೆಯ ಕೆಳಗಿನ ಅಡಿಸಾಲು ಬದಲಾಗಿ ಹೀಗೆ ಬಂತು: ‘ರೂಢಿಯಿಂದ ಕೇಳಿದ್ದು. ಉತ್ತರ ಬೇಕಾಗಿಲ್ಲ.’ ಅಕ್ಕ ಬೆರಳಿಟ್ಟು ನೋಡಿದಳು. ಅವಳ ಎಷ್ಟೋ ಉತ್ತರಗಳನ್ನು ನಾನು ತೆರೆದೇ ಇರಲಿಲ್ಲ. ಅಕ್ಕನ ಊಟ ಆಗಿರುತ್ತದೆಂದು ನನಗೆ ಗೊತ್ತು. ಗೊತ್ತಿದ್ದೂ ಕೇಳುವುದೇ ಅಲ್ಲವೇ ನಮ್ಮ ಕಡೆಯ ಪದ್ಧತಿ? ಯಂತ್ರಕ್ಕೆ ಅದು ತಿಳಿಯಲಿಲ್ಲ, ಹೋಗಲಿ. ಅಕ್ಕನಿಗೂ ಮರೆತುಹೋಯಿತು. ‘ಬ್ಯಾಡಾದ್ರ ಯಾಕ ಕೇಳ್ತಿ? ಬಿಡಿನ್ನ’ ಎಂದು ಬರೆದವಳು ಮತ್ತೆ ಬರೆಯಲಿಲ್ಲ.

ಅಡಿಸಾಲಿನ ಕಚೇರಿಗೆ ಹೋಗಿ ಕೂಗಾಡಿದೆ. ಅಲ್ಲಿದ್ದ ಹುಡುಗಿ ಸಮಾಧಾನದಿಂದ ‘ತಪ್ಪು ಎಲ್ಲೈತಿ ತೋರಸ್ರಿ ಅಮ್ಮಾ, ತಿದ್ದತೀವಿ’ ಎಂದಳು. ತೋರಿಸಲಾಗಲಿಲ್ಲ. ರೂಢಿ ನಿಜ, ತೆರೆಯದ ಉತ್ತರಗಳೂ ನಿಜ. ಸುಳ್ಳು ಹೇಳಿದ್ದರೆ ಜಗಳವಾದರೂ ಆಡಬಹುದಿತ್ತು. ‘ಸಿಟ್ಟಾಗಬ್ಯಾಡಕ್ಕಾ’ ಎಂದು ಬರೆದರೆ ಕೆಳಗೆ ‘ತಪ್ಪು ಮಾಡಿದ ಅಳುಕಿನಿಂದ ಬರೆದದ್ದು’. ‘ನೀ ಅಂದ್ರ ನನಗ ಜೀವ’ ಎಂದರೆ ‘ಹಿಂದಿನದಕ್ಕೆ ಉತ್ತರ ಬಾರದ್ದರಿಂದ ಬರೆದದ್ದು’. ಅದೂ ನಿಜವೇ.

ಕೊನೆಗೆ ಅವಳ ಮನೆಗೇ ಹೋದೆ. ಬಾಗಿಲಲ್ಲಿ ನಿಂತು ‘ಯಾಕ ಬಂದಿ?’ ಎಂದಳು. ನಮ್ಮ ಮನೆತನದಲ್ಲಿ ಬಂದವರನ್ನು ಯಾರೂ ಹಾಗೆ ಕೇಳಿದ್ದಿಲ್ಲ. ನಾನೂ ಒಂದು ಕಾರಣಕ್ಕಾಗಿ ತಡಕಾಡಿದೆ, ಒಂದೂ ಸಿಗಲಿಲ್ಲ. ಊಟದ ಹೊತ್ತಾಗಿತ್ತು. ಹಸಿದುಕೊಂಡೇ ತಿರುಗಿ ಬಂದೆ.

ನಿಮಗೆ ಯಾಕೆ ಬರೆಯುತ್ತಿದ್ದೇನೆ ಎಂದರೆ, ನನ್ನ ನಿಮ್ಮ ನಡುವೆ ಯಂತ್ರಕ್ಕೆ ಪುರಾವೆಯಾಗುವಂಥ ಹಳೆಯ ಮಾತುಕತೆ ಏನೂ ಇಲ್ಲ, ಆದ್ದರಿಂದ ಇದರ ಕೆಳಗೆ ಏನೂ ಮೂಡುವುದಿಲ್ಲ. ಯಂತ್ರ ನಿಮ್ಮ ಬಗ್ಗೆ ಏನು ತೀರ್ಮಾನಿಸಿದರೂ ಕಾರಣ ಕೇಳಿ, ಬಿಡಬೇಡಿ. ಆದರೆ ಅಕ್ಕತಂಗಿಯರ ಮಾತಿನ ಕೆಳಗೆ ಅದನ್ನು ಬರೆಯಗೊಡಬೇಡಿ. ನಮ್ಮಿಂದ ಈಗ ಅಳಿಸಲು ಆಗುತ್ತಿಲ್ಲ.

ನಿಮ್ಮದು ಊಟ ಆತೇನ್ರಿ? ನೀವು ಏನೆಂದರೂ ನನಗೆ ಮುಟ್ಟುವುದಿಲ್ಲ, ಗೊತ್ತು. ಆದರೂ ಕೇಳುತ್ತಿದ್ದೇನೆ.

ದಾನಮ್ಮ