ಎರಡು ಬರಿಗಾಲು

ಪೈನ್‌ಫೋರ್ಡ್, ಜಾರ್ಜಿಯಾ
27 ಅಕ್ಟೋಬರ್ 2019, ಭಾನುವಾರ

ಪ್ರೀತಿಯ ವರ್ಲೀನ್ ಅಕ್ಕನಿಗೆ,

ಕ್ರಿಸ್‌ಮಸ್‌ಗೆ ಬಂದ ಕಾರ್ಡಿಗೆ ಅಕ್ಟೋಬರಿನಲ್ಲಿ ಉತ್ತರ ಬರೆಯುವ ತಮ್ಮನನ್ನು ಏನೇನು ಬೈಯಬೇಕೋ ಅದನ್ನೆಲ್ಲ ಮೊದಲು ಬೈದು ಮುಗಿಸು. ಆಮೇಲೆ ನಿಧಾನವಾಗಿ ಓದು. ನಿನ್ನ ಕಾರ್ಡಿನಲ್ಲೂ ಇದ್ದದ್ದು ಎರಡೇ ಮಾತು: ‘ಹೊರೇಸ್‌ಗೆ. ವರ್ಲೀನ್.’ ಆದರೂ ಅದನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿಟ್ಟಿದ್ದೇನೆ. ಮೊಣಕಾಲು ಹೇಗಿದೆ? ಡೆಟ್ರಾಯ್ಟಿನಲ್ಲಿ ಈಗಲೇ ಚಳಿ ಶುರುವಾಗಿದೆಯಂತೆ, ರೇಡಿಯೋದಲ್ಲಿ ಹೇಳಿದರು. ನಿಮ್ಮೂರಿನ ಹವೆ ಕೇಳುವುದು ನನಗೊಂದು ಅಭ್ಯಾಸವಾಗಿಬಿಟ್ಟಿದೆ.

ಇಲ್ಲಿ ಹೇಳಿಕೊಳ್ಳುವಂಥ ಸುದ್ದಿ ಏನಿಲ್ಲ. ಹಿತ್ತಿಲಿನ ಪೆಕಾನ್ ಮರ ಈ ಸಲ ಹುಚ್ಚು ಹಿಡಿದಂತೆ ಕಾಯಿ ಬಿಟ್ಟಿದೆ. ಒಬ್ಬನೇ ಕೂತು ಒಡೆಯುತ್ತೇನೆ, ಡಬ್ಬಕ್ಕೆ ತುಂಬುತ್ತೇನೆ, ಯಾರಿಗೆ ಕೊಡಲಿ ಎಂದು ಡಬ್ಬವನ್ನೇ ನೋಡುತ್ತೇನೆ. ನನ್ನ ಲೊರೇನ್ ತೀರಿಕೊಂಡು ನಾಲ್ಕು ವರ್ಷವಾಯಿತು, ಇಬ್ಬರಿಗಾಗುವಷ್ಟು ಸೊಪ್ಪು ಬೇಯಿಸುವ ಚಾಳಿ ಮಾತ್ರ ಹೋಗಿಲ್ಲ. ದಿನಕ್ಕೊಂದು ಸಲವಾದರೂ ಬಾಯಿ ಬಿಡಬೇಕಲ್ಲ ಎಂದು ಅಂಚೆಯವನನ್ನು ಹಿಡಿದು ನಿಲ್ಲಿಸಿಕೊಳ್ಳುತ್ತಿದ್ದೆ. ಅವನೀಗ ಬುದ್ಧಿವಂತನಾಗಿದ್ದಾನೆ, ಗೇಟಿನ ಡಬ್ಬಿಗೆ ಕಾಗದ ತುರುಕಿ ಓಡುತ್ತಾನೆ.

ಸುತ್ತಿ ಬಳಸುವುದು ಬೇಡ. ನಾನು ಬರೆಯಲು ಕೂತದ್ದು ಲೊಂಜೊ ಪೀಕ್ ವಿಷಯಕ್ಕೆ.

1934ರಲ್ಲಿ ಬಿಳಿಯರ ಗುಂಪು ಅವನನ್ನು ನೇಣು ಹಾಕಿದ ಜಾಗದಲ್ಲಿ, ಅದೇ ಹೊಳೆಯ ಸೇತುವೆಯ ಹತ್ತಿರ, ಊರಿನವರು ಈಗ ಫಲಕ ನಿಲ್ಲಿಸಲು ಹೊರಟಿದ್ದಾರೆ. ಸಮಿತಿಯಲ್ಲಿ ನಮ್ಮವರೂ ಇದ್ದಾರೆ, ಬಿಳಿಯರೂ ಇದ್ದಾರೆ, ಎಲ್ಲರೂ ಒಂದೇ ಮೇಜಿನಲ್ಲಿ ಕಾಫಿ ಕುಡಿದು ಒಬ್ಬರಿಗೊಬ್ಬರು ‘ಹೌದು ಹೌದು’ ಎನ್ನುತ್ತಾರೆ. ಫಲಕದ ಬರಹವನ್ನು ಆ ಕೊಲೆಯ ಬಗ್ಗೆ ನಾನು ಬರೆದ ಪುಸ್ತಕದಿಂದಲೇ ಎತ್ತಿಕೊಂಡಿದ್ದರು. ಎಪ್ಪತ್ಮೂರನೇ ವಯಸ್ಸಿನಲ್ಲಿ ನನ್ನ ವಾಕ್ಯ ಕಬ್ಬಿಣದಲ್ಲಿ ಎರಕವಾಗುತ್ತದೆ ಎಂದರೆ ಉಬ್ಬದಿರುತ್ತೇನೆಯೇ? ಅಮ್ಮ ಇದ್ದಿದ್ದರೆ ಹೆಮ್ಮೆಪಡುತ್ತಿದ್ದಳು ಎಂದುಕೊಂಡೆ. ಸ್ವಂತ ತಾಯಿಯೇ ಪ್ರೊಫೆಸರ್ ಎಂದು ಕರೆಯುತ್ತಿದ್ದ ಮಗ ನಾನು, ನಿನಗೇ ಗೊತ್ತಲ್ಲ.

ಆಗಸ್ಟ್‌ನಲ್ಲಿ ನಡೀನ್ ಬ್ರಾಕ್‌ಸ್ಟನ್ ಎಂಬ ಹುಡುಗಿ ಮನೆಗೆ ಬಂದಳು. ಹುಡುಗಿ ಎನ್ನುತ್ತಿದ್ದೇನೆ, ಅವಳೂ ಕಾಲೇಜಿನಲ್ಲಿ ಇತಿಹಾಸ ಕಲಿಸುವವಳೇ. ಫಲಕದ ಬರಹವನ್ನು ಪರಿಶೀಲಿಸಿಕೊಡಲು ಸಮಿತಿಯವರು ಗೊತ್ತು ಮಾಡಿದ್ದರು. ನಾನು ಮೆಕ್ಕೆಜೋಳದ ರೊಟ್ಟಿ ಸುಟ್ಟು, ಪೆಕಾನ್ ಹುರಿದು ಕಾದಿದ್ದೆ. ಅವಳು ಒಂದು ಚೂರು ಮುರಿದು ಬಾಯಿಗಿಟ್ಟುಕೊಂಡು ಪುಸ್ತಕ ಬಿಚ್ಚಿಯೇ ಬಿಟ್ಟಳು.

“ಸರ್, ನೂರಾ ಹನ್ನೆರಡನೇ ಪುಟ. ‘ಪೀಕ್‌ನ ಹೆಂಡತಿ ಇಡೆಲ್ಲಾ ಎರಡು ವರ್ಷದ ಮಗಳನ್ನು ಬಿಟ್ಟು ಅದೇ ವಾರ ಊರು ತೊರೆದಳು.’ ಇದಕ್ಕೆ ಆಧಾರ ಏನು?”

“ಅಡಿಟಿಪ್ಪಣಿ ಇದೆ ನೋಡಮ್ಮ. ಪತ್ರಿಕೆ. ಷೆರೀಫನ ಹೇಳಿಕೆ.”

“ನೋಡ್ದೆ ಸರ್. ಆ ಷೆರೀಫ್ ಗುಂಪಲ್ಲೇ ಇದ್ದ ಅಂತ ನೂರಾ ನಾಲ್ಕನೇ ಪುಟದಲ್ಲಿ ನೀವೇ ಬರ್ದಿದೀರ.”

ಅಕ್ಕ, ಮೂವತ್ತೇಳು ವರ್ಷದಲ್ಲಿ ಎಂಟು ಪುಟಗಳ ಆ ಅಂತರವನ್ನು ಯಾರೂ ನನಗೆ ತೋರಿಸಿರಲಿಲ್ಲ. ಸುಳ್ಳು, ನೀನು ತೋರಿಸಿದ್ದೆ. ಪುಸ್ತಕ ಬಂದ ವಾರ ಫೋನ್ ಮಾಡಿ, “ಅಮ್ಮ ಹೇಳಿದ್ದು ಎಲ್ಲೋ? ನಮ್ಮಮ್ಮನ ಕಣ್ಣು ಸಾಲ್ದೇನೋ ನಿನಗೆ?” ಎಂದೆ. ಸಾಕ್ಷ್ಯ, ಪುರಾವೆ ಎಂದು ನಾನು ಪಾಠ ಹೇಳಲು ಹೊರಟೆ. ನೀನು ಫೋನ್ ಇಟ್ಟೆ. ಆಮೇಲಿಂದ ನಮ್ಮಿಬ್ಬರ ನಡುವೆ ಕಾರ್ಡುಗಳು ಮಾತ್ರ.

ನಡೀನ್ ಚೀಲದಿಂದ ಕಂಪ್ಯೂಟರ್ ತೆಗೆದಳು. ನಿವೃತ್ತನಾದಾಗ ನಾನು ಕಾಲೇಜಿಗೆ ಕೊಟ್ಟಿದ್ದ, ಊರಿನ ಹಿರಿಯರ ಮಾತು ಹಿಡಿದ ಟೇಪುಗಳನ್ನೆಲ್ಲ ಅವಳು ಕೂತು ಕೇಳಿದ್ದಾಳೆ, ನಲವತ್ತೊಂದನೆಯದರವರೆಗೆ. ಅದು ಅಮ್ಮನದು, 1979ರದು. “ಪೀವೀ, ಆ ಮೆಷಿನ್ ನನ್ನ ಮೂತಿಗೆ ಹಿಡೀಬೇಡ್ವೋ,” ಎಂದು ನನ್ನ ಮುದ್ದಿನ ಹೆಸರು ಹಿಡಿದು ಅಮ್ಮ ನಕ್ಕದ್ದು ಕೇಳಿಸಿತು. ನನ್ನ ಕೈಯಲ್ಲಿದ್ದ ತಟ್ಟೆಯನ್ನು ಕೆಳಗಿಟ್ಟೆ.

ನಲವತ್ತೈದು ವರ್ಷ ಯಾರ ಮುಂದೆಯೂ ಬಾಯಿ ಬಿಡದಿದ್ದವಳು ಆವತ್ತು ನನ್ನ ಮುಂದೆ ಬಿಟ್ಟಿದ್ದಳು. ಅವಳ ಮಾತನ್ನೇ ಬರೆಯುತ್ತೇನೆ:

“ಆವತ್ತು ಭಾನ್ವಾರ, ಮಧ್ಯಾಹ್ನ. ನನಗೆ ಒಂಬತ್ತು ವರ್ಷ. ಮನೆ ಕೆಳಗಡೆ ಇಟ್ಟಿಗೆ ಕಂಬದ ಸಂದೀಲಿ ನುಸುಳ್ಕೊಂಡು ಆಡ್ತಿದ್ದೆ. ಪಕ್ಕದ ಪೀಕ್ ಮನೇಲಿ ಗದ್ಲ. ಬಂದೋರು ಮುಖಕ್ಕೆ ಬಟ್ಟೆ ಕಟ್ಕೊಂಡಿದ್ರಂತೆ, ನನಗೆ ಕಾಣಿಸ್ತಿದ್ದದ್ದು ಬರೀ ಕಾಲುಗಳು. ಇಡೆಲ್ಲಾ ಹಿಂದಿಂದೆ ಓಡ್ತಾ ಒಬ್ಬೊಬ್ರ ಹೆಸರು ಹಿಡ್ದು ಕೂಗ್ತಿದ್ಲು. ಅವರ ಅಂಗಿ ಒಗ್ದು ಇಸ್ತ್ರಿ ಮಾಡ್ತಿದ್ದೋಳು ಅವಳೇ ಅಲ್ವಾ? ಮುಖ ಮುಚ್ಕೊಂಡ್ರೆ ಅಂಗಿ ಮುಚ್ಚಕ್ಕಾಗುತ್ತಾ? ಹೆಸರು ಕೇಳಿದ್ಮೇಲೆ ಅವಳನ್ನೂ ಹಿಡ್ಕೊಂಡ್ರು. ನಾಲ್ಕು ಕಾಲು ಮಣ್ಣಲ್ಲಿ ಎಳ್ಕೊಂಡು ಹೋಗಿದ್ದು ನೋಡ್ದೆ. ಎರಡಕ್ಕೆ ಬೂಟಿತ್ತು. ಎರಡು ಬರಿಗಾಲು.”

“ಅವು ಇಡೆಲ್ಲಾ ಕಾಲೇ ಅಂತ ಹೆಂಗೆ ಗೊತ್ತಮ್ಮ?” ಇದು ನನ್ನ ದನಿ. ಎಳೆಯ ದನಿ, ಆದರೆ ಜಂಬದ್ದು.

“ಗೊತ್ತಿಲ್ದೆ ಏನು? ಶನಿವಾರ ಶನಿವಾರ ಅವಳ ಮಂಡಿ ಮಧ್ಯ ಕೂತು ಜಡೆ ಹಾಕಿಸ್ಕೊಳ್ತಿದ್ದೆ. ತಲೆ ಎತ್ತಿದ್ರೆ ಬಾಚಣಿಗೇಲಿ ಕುಟ್ಟೋಳು. ಎರಡು ಗಂಟೆ ಹೊತ್ತು ತಗ್ಗಿಸ್ಕೊಂಡು ಏನ್ ನೋಡ್ಲಿ? ಅವಳ ಕಾಲೇ. ಎಡಗಾಲಿನ ಕಿರುಬೆರಳು ಪಕ್ಕದ ಬೆರಳ ಮೇಲೆ ಹತ್ಕೊಂಡಿತ್ತು. ಅವಳ ಮುಖಕ್ಕಿಂತ ಕಾಲೇ ಚೆನ್ನಾಗಿ ಗೊತ್ತು ನನಗೆ.”

“ಅಮ್ಮ, ಕಾಲು ನೋಡಿ ಗುರುತು ಹಿಡ್ದೆ ಅಂದ್ರೆ ಯಾರೂ ಒಪ್ಪಲ್ಲ. ಮುಖ ನೋಡಿದ್ಯಾ?”

ಅಲ್ಲಿಗೆ ಸಾಕು, ಟೇಪು ನಿಲ್ಲಿಸಮ್ಮ ಎಂದೆ. ನಡೀನ್ ನಿಲ್ಲಿಸಿದಳು. ಆಮೇಲೆ ಒಂದು ಹಳೆಯ ನೋಟ್‌ಬುಕ್ಕಿನ ಫೋಟೋ ತೋರಿಸಿದಳು. ನಮ್ಮ ಚರ್ಚಿನ ಹೆಂಗಸರ ಹೊಲಿಗೆ ಸಂಘದ್ದು. ಜೂನ್ 1934: ‘ಎರಡು ಶವವಸ್ತ್ರ. ಒಂದು ಗಂಡಸಿನದು. ಒಂದು ಹೆಂಗಸಿನದು, ಪಾದ ಮುಚ್ಚುವಷ್ಟು ಉದ್ದ.’ ಆ ತಿಂಗಳು ಚರ್ಚಿನವರಲ್ಲಿ ಬೇರೆ ಯಾರೂ ಸತ್ತಿಲ್ಲ, ಅದನ್ನೂ ನೋಡಿಕೊಂಡು ಬಂದಿದ್ದಳು. ಇಡೆಲ್ಲಾಳನ್ನು ಹೊಳೆಯಿಂದ ತೆಗೆದರೋ ಎಲ್ಲಿಂದ ತೆಗೆದರೋ, ನಮ್ಮ ಹೆಂಗಸರು ಕದ್ದು ತಂದು, ಹೊಲಿದು, ಹೊದಿಸಿ, ಕಲ್ಲು ನಿಲ್ಲಿಸದೆ ಹೂತಿದ್ದಾರೆ. ಓಡಿಹೋದಳು ಎಂದು ಷೆರೀಫ್ ಹಬ್ಬಿಸಿದಾಗ, ಬದುಕಿರುವವರಾದರೂ ಉಳಿಯಲಿ ಎಂದು ಬಾಯಿ ಮುಚ್ಚಿಕೊಂಡಿದ್ದಾರೆ.

ನೋಟ್‌ಬುಕ್ ಎಲ್ಲಿತ್ತು ಗೊತ್ತೇ? ಚರ್ಚಿನ ಕಪಾಟಿನಲ್ಲಿ, ನಾನು ಐವತ್ತು ವರ್ಷ ಪ್ರತಿ ಭಾನುವಾರ ಟೋಪಿ ಇಡುತ್ತಿದ್ದ ಕಪಾಟಿನಲ್ಲಿ. ನಾನು ಅಟ್ಲಾಂಟಾಕ್ಕೆ ಹೋಗಿ ಸರ್ಕಾರಿ ದಾಖಲೆಯ ಧೂಳು ಕುಡಿದೆ. ಹೆಂಗಸರ ಹೊಲಿಗೆ ಲೆಕ್ಕದಲ್ಲಿ ಏನಿರುತ್ತದೆ ಎಂದು ಇದನ್ನು ಮುಟ್ಟಲೂ ಇಲ್ಲ. ಕೊಂದವರ ಮಾತಿಗೆ ಅಡಿಟಿಪ್ಪಣಿ ಕೊಟ್ಟೆ, ಕಂಡವಳ ಮಾತಿಗೆ ಕೊಡಲಿಲ್ಲ. ಥೂ ನನ್ನ ವಿದ್ಯೆಗೆ.

ಫಲಕ ತಿದ್ದುವುದು ಕಷ್ಟವಾಗಲಿಲ್ಲ. ನನ್ನ ಪುಸ್ತಕ ತಪ್ಪು ಎಂದು ಸಮಿತಿಯ ಮುಂದೆ ಎದ್ದು ನಿಂತು ಹೇಳಿದೆ, ಬರೆದೂ ಕೊಟ್ಟೆ. ಈಗ ಎರಡು ಹೆಸರು ಇರುತ್ತವೆ. ಕಷ್ಟದ ಕೆಲಸ ಬೇರೆ ಇತ್ತು. ಆವತ್ತು ಹೊರಡುವಾಗ ನಡೀನ್ ಬಾಗಿಲಲ್ಲಿ ನಿಂತು, “ಸರ್, ಇಡೆಲ್ಲಾ ಮಗಳು ಕೊರೀನ್ ಇನ್ನೂ ಬದುಕಿದಾರೆ. ಮೇಕನ್‌ನಲ್ಲಿ, ವೃದ್ಧಾಶ್ರಮದಲ್ಲಿ. ಎಂಬತ್ತೇಳು ವರ್ಷ. ನಾನು ಹೇಳ್ಲಾ, ನೀವು ಹೇಳ್ತೀರಾ?” ಎಂದಳು.

ನಾನೇ ಹೇಳುತ್ತೇನೆ ಎಂದೆ. ಎಂದವನು ಎಂಟು ವಾರ ಹೋಗಲಿಲ್ಲ. ಕಾರಿಗೆ ಎಣ್ಣೆ ಹಾಕಿಸಬೇಕು, ಮಳೆ ಬರುವಂತಿದೆ, ಬೆನ್ನು ನೋಯುತ್ತಿದೆ. ಆ ವಯಸ್ಸಿನ ಜೀವ ನಾನು ನೆಪ ಹುಡುಕುವಾಗಲೇ ಹೊರಟುಬಿಟ್ಟರೆ ಎಂಬ ಹೆದರಿಕೆ ಒಂದು ಕಡೆ. ಹೊರಟುಬಿಟ್ಟರೆ ನಾನು ಬಚಾವ್ ಎಂಬ ಆಸೆ ಇನ್ನೊಂದು ಕಡೆ. ಈ ಎರಡನೆಯದನ್ನು ನಿನಗಲ್ಲದೆ ಯಾರಿಗೂ ಹೇಳಲಾರೆ.

ಮೊನ್ನೆ ಗುರುವಾರ ಹೋದೆ. ಕಿಟಕಿಯ ಹತ್ತಿರ ಗಾಲಿಕುರ್ಚಿಯಲ್ಲಿ, ಮಂಡಿಯ ಮೇಲೆ ಕಂಬಳಿ ಹೊದ್ದು ಕೂತಿದ್ದರು. ಹೆಸರು ಹೇಳಿದ ಕೂಡಲೇ ಮುಖ ಅರಳಿತು.

“ಅಯ್ಯೋ, ಪುಸ್ತಕ ಬರ್ದೋರು! ಬೈಬಲ್ ಜೊತೇಲೇ ಇಟ್ಟಿದೀನಿ ನೋಡಿ ನಿಮ್ಮ ಪುಸ್ತಕ. ನಮ್ಮಪ್ಪನ ಹೆಸರು ಅಚ್ಚಾಗಿರೋದು ಅದೊಂದ್ರಲ್ಲೇ.”

“ಮಿಸ್ ಕೊರೀನ್, ಅದ್ರಲ್ಲಿ ನಿಮ್ಮಮ್ಮನ ವಿಷಯ ಬರ್ದಿದೀನಲ್ಲ...”

“ಹೂಂ. ಓಡ್ಹೋದ್ಲು ಅಂತ ಊರೆಲ್ಲ ಅನ್ನೋದು. ಸಾಕಿದ ಚಿಕ್ಕಮ್ಮನ್ನ ಕೇಳಿದ್ರೆ ಎದ್ದು ಒಳಗೆ ಹೋಗೋರು. ನಾನು ನಂಬಿರ್ಲಿಲ್ಲಪ್ಪ. ತಾಯಂದಿರ ದಿನ ಚರ್ಚಿಗೆ ಬಿಳಿ ಹೂವೇ ಚುಚ್ಕೊಂಡು ಹೋಗ್ತಿದ್ದೆ, ತಾಯಿ ಸತ್ತೋರ ಹಾಗೆ. ಬದುಕಿದಾಳಲ್ಲೇ, ಕೆಂಪು ಹಾಕ್ಕೊಳೇ ಅಂತ ಆಡ್ಕೊಳ್ಳೋರು. ಆಡ್ಕೊಳ್ಳಿ ಅಂತಿದ್ದೆ. ಆಮೇಲೆ ನೀವು ಬರೆದ್ರಿ. ನಮ್ಮವರೇ, ಓದಿದೋರು, ಬರ್ದ್ಮೇಲೆ ಇನ್ನೇನಿದೆ? ಅವತ್ತಿಂದ ಹೂವೇ ಮುಟ್ಟಿಲ್ಲ.”

ಅಕ್ಕ, ಊರು ಐವತ್ತು ವರ್ಷದಲ್ಲಿ ಮಾಡಲಾಗದ್ದನ್ನು ನಾನು ಒಂದು ಸಾಲಿನಲ್ಲಿ ಮಾಡಿದ್ದೆ.

ಹೇಳಿದೆ. ಅಂಗಿಗಳು, ಕೂಗಿದ ಹೆಸರುಗಳು, ಬರಿಗಾಲು, ಹೊಲಿದ ಬಟ್ಟೆ, ಎಲ್ಲ. ತಪ್ಪು ನನ್ನದು, ನಮ್ಮಮ್ಮ ನಿಜ ಹೇಳಿದ್ದಳು, ನಾನು ಕೇಳಲಿಲ್ಲ ಎಂದೆ. ಕೊರೀನ್ ಕಿಟಕಿಯ ಕಡೆ ತಿರುಗಿದರು. ಆಮೇಲೆ, “ಮೂವತ್ತೇಳು ವರ್ಷ ಬೈದಿದೀನಲ್ಲೋ ಅವಳ್ನ. ಅಡುಗೆ ಮಾಡ್ತಾ, ಬಟ್ಟೆ ಮಡಿಸ್ತಾ, ಬಾಯಿಗೆ ಬಂದಂಗೆ,” ಎಂದು ಅಳತೊಡಗಿದರು. ನಾನು ಕೈ ಹಿಡಿಯಲು ಹೋದೆ, ಕೊಸರಿಕೊಂಡರು. ಕೊಸರಿಕೊಳ್ಳಲಿ. ಅದು ನನಗೆ ಸಲ್ಲಬೇಕಾದದ್ದೇ.

ಅತ್ತು ಮುಗಿಸಿ ಕೇಳಿದರು, “ಕಾಲು ಹೆಂಗಿತ್ತಂತೆ?”

ಕಿರುಬೆರಳಿನ ವಿಷಯ ಹೇಳಿದೆ. ಅವರು ಬಗ್ಗಿ, ಕಂಬಳಿಯ ಅಂಚನ್ನು ಸ್ವಲ್ಪ ಎತ್ತಿ, ತಮ್ಮ ಎಡಗಾಲನ್ನು ನೋಡಿಕೊಂಡರು. ಆಮೇಲೆ ಕಂಬಳಿ ಬಿಟ್ಟರು. ನಾನು ಕೂತ ಜಾಗಕ್ಕೆ ಏನೂ ಕಾಣುತ್ತಿರಲಿಲ್ಲ. ಹಿಂದಿನ ಹೊರೇಸ್ ಆಗಿದ್ದರೆ ತೋರಿಸಿ, ನೋಡುತ್ತೇನೆ ಎನ್ನುತ್ತಿದ್ದ. ಈ ಸಲ ನಾನು ಕೇಳಲಿಲ್ಲ.

ಮೇ ತಿಂಗಳಲ್ಲಿ ತಾಯಂದಿರ ದಿನಕ್ಕೆ ಬಿಳಿ ಹೂವು ನಾನೇ ತರುತ್ತೇನೆ ಎಂದೆ. “ಮೇ ತನಕ ಕಾಯಕ್ಕೆ ನನಗೆಲ್ಲಿದೆ ಪುರುಸೊತ್ತು? ಈಗ್ಲೇ ಹೋಗಿ ತಗೊಂಬನ್ನಿ,” ಎಂದು ಗದರಿದರು. ಹೋದೆ. ಅಂಗಡಿಯಲ್ಲಿ ಬಿಳಿ ಸೇವಂತಿಗೆ ಮಾತ್ರ ಇತ್ತು. ಚುಚ್ಚಲು ನಾನು ಕೈ ಚಾಚಿದೆ, ಅವರೇ ಕಿತ್ತುಕೊಂಡು ಚುಚ್ಚಿಕೊಂಡರು. ನನ್ನ ಮುಖ ನೋಡಲಿಲ್ಲ. ಕ್ಷಮಿಸಿದೆ ಎನ್ನಲೂ ಇಲ್ಲ, ನಾನು ಕೇಳಲೂ ಇಲ್ಲ.

ಇಷ್ಟು ವಿಷಯ. ಏಪ್ರಿಲ್‌ನಲ್ಲಿ ಫಲಕ ನಿಲ್ಲುತ್ತದೆ. ಮೊಣಕಾಲು ಒಪ್ಪಿದರೆ ಬಾ. ನಿನ್ನ ಹಳೇ ಕೋಣೆಗೆ ಹೊಸ ಹಾಸಿಗೆ ಹಾಕಿಸಿದ್ದೇನೆ, ನೀನು ಬರುವುದಿಲ್ಲ ಎಂದು ಗೊತ್ತಿದ್ದೂ. ಪೆಕಾನ್ ಬೇರೆ ಪಾರ್ಸೆಲ್‌ನಲ್ಲಿ ಕಳಿಸುತ್ತಿದ್ದೇನೆ. ದೇವರು ನಿನ್ನ ಮನೆಯನ್ನು ಬೆಚ್ಚಗಿಡಲಿ, ಮಂಜಿನಲ್ಲಿ ನಿನ್ನ ಹೆಜ್ಜೆ ಜಾರದಿರಲಿ.

ನಿನ್ನ ತಮ್ಮ,
ಹೊರೇಸ್

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ನಡೀನ್ ಕೊಟ್ಟುಹೋದ ಟೇಪನ್ನು ನಿನ್ನೆ ಕೊನೆಯವರೆಗೆ ಕೇಳಿದೆ. ‘ಮುಖ ನೋಡಿದ್ಯಾ’ ಎಂದು ನಾನು ಕೇಳುತ್ತೇನೆ. ಒಳಗೆ ಅಡುಗೆಮನೆಯಲ್ಲಿ ಪಾತ್ರೆ ಕುಕ್ಕಿದ ಸದ್ದು. ಅದು ನೀನೇ, ಆ ಬೇಸಿಗೆ ನೀನು ಬಂದಿದ್ದೆ. ಆಮೇಲೆ ಅಮ್ಮ ಹೇಳುತ್ತಾಳೆ: “ಇಲ್ಲ, ಮುಖ ನೋಡ್ಲಿಲ್ಲ. ಆ ಮೆಷಿನ್ ಆರ್ಸಿಬಿಡಿ, ಪ್ರೊಫೆಸರ್ರೇ.”

ಅಷ್ಟೇ ಅಕ್ಕ. ಟೇಪಿನ ಶುರುವಿನಲ್ಲಿ ನಾನು ಪೀವೀ. ಆಮೇಲೆ ಹತ್ತೊಂಬತ್ತು ವರ್ಷ ಬದುಕಿದ್ದಳು, ಮತ್ತೊಂದು ಸಲವೂ ನನ್ನನ್ನು ಹಾಗೆ ಕರೆಯಲಿಲ್ಲ. ಪ್ರೊಫೆಸರ್ ಎನ್ನುವುದನ್ನು ನಾನು ಗೌರವ ಎಂದುಕೊಂಡೆ. ಕಂಡಕಂಡವರ ಹತ್ತಿರ ಹೇಳಿಕೊಂಡು ಮೆರೆದೆ. ಕೊನೆಯ ದಿನ ಆಸ್ಪತ್ರೆಯಲ್ಲಿ ನರ್ಸಿಗೆ, “ಪ್ರೊಫೆಸರ್ ಬಂದಿದಾರೆ, ಕುರ್ಚಿ ಕೊಡಮ್ಮ,” ಎಂದಳು. ನಾನು ಕೂತೆ.

ಅದರ ಅರ್ಥ ನಿನಗೆ ಗೊತ್ತಿತ್ತು, ಅಲ್ಲವಾ? ನನ್ನನ್ನು ಪೀವೀ ಎಂದು ಕರೆಯಬಲ್ಲವರು ಈಗ ಭೂಮಿಯ ಮೇಲೆ ನೀನೊಬ್ಬಳೇ. ಉತ್ತರ ಉದ್ದವಾಗಿರುವುದು ಬೇಡ, ಬೈಗುಳವೇ ಆದರೂ ಸರಿ. ಲಕೋಟೆಯ ಮೇಲೆ ಬೇಡ, ಅಂಚೆಯವನು ನಗುತ್ತಾನೆ. ಒಳಗೆ, ಮೊದಲ ಸಾಲಿನಲ್ಲಿ, ಆ ಹೆಸರನ್ನು ಬರೆ.