ಭಾವ ಹಿಡಿಯುತ್ತಿದ್ದ ಹಗ್ಗ

ಚಂದ್ರಗುತ್ತಿ, ೧೯೫೮

ಭಾವ,

ಈ ಕಾಗದ ಕಳಿಸುವುದಿಲ್ಲ, ಆದರೂ ಬರೆಯುತ್ತಿದ್ದೇನೆ.

ಬಂಡೆ ಹತ್ತುವ ಬಗ್ಗೆ ನಾನು ಬರೆದ ಪುಸ್ತಕ ಓದಿ, ಶಿಕಾರಿಪುರದ ಮುನಾಫ್ ಎಂಬವರು ಇವತ್ತು ಬಂದಿದ್ದರು. ಜೇನು ಕೀಳುವವರ ಹಾಗೆ ನಮ್ಮಲ್ಲೂ ಹಗ್ಗವನ್ನು ಹೆಂಡತಿಯ ಅಣ್ಣನೇ ಹಿಡಿಯಬೇಕು, ತಂಗಿಯ ತಾಳಿ ನೆನೆದು ಅವನು ಕೈಬಿಡುವುದಿಲ್ಲ ಎಂದು ಅದರಲ್ಲಿ ಬರೆದಿದ್ದೆನಲ್ಲ.

"ನಿಮ್ಮ ಭಾವ ಎಲ್ರೀ?" ಅಂದರು.

"ಊರಲ್ಲಿಲ್ಲ."

"ನಾನೇ ಹಿಡೀತೀನಿ, ಹತ್ರೀ."

ನಿಮ್ಮ ತಂಗಿ ವರದಮ್ಮ ತೀರಿಕೊಂಡ ಮೇಲೆ ನೀವೂ ಉಳವಿಯಿಂದ ಈ ಕಡೆ ಬರಲಿಲ್ಲ, ನಾನೂ ಬಂಡೆ ಮುಟ್ಟಿರಲಿಲ್ಲ. ಇವತ್ತು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಎರಡಾಳೆತ್ತರ ಹತ್ತಿದೆ. ಎಂದಿನಂತೆ, "ಭಾವ, ಸ್ವಲ್ಪ ಸಡಿಲ ಬಿಡಿ" ಎಂದು ಕೂಗಿದೆ.

ಮುನಾಫ್ ಪಾಪ, ಏನೂ ಕೇಳದೆ ಸಡಿಲ ಬಿಟ್ಟರು.

ನಾನು ಇಳಿದುಬಿಟ್ಟೆ. ಮಂಡಿ ನೋವು ಅಂದೆ.