ತ್ರಾಸ ಎಂಬ ಪದವನ್ನು ತೆಗೆಯುವ ಮುನ್ನ

ವಿಜಯಪುರ, ಮೇ ತಿಂಗಳು, ಗುರುವಾರ. ಆಸ್ಪತ್ರೆಯ ಫಿಸಿಯೋಥೆರಪಿ ಕೋಣೆ, ಊಟದ ಬಿಡುವು. ಕರೆಂಟ್ ಹೋಗಿದೆ. ಶಾಲೆಗಳು ತೆರೆಯಲು ಇನ್ನು ಸ್ವಲ್ಪ ದಿನ.

ಮಾಮಾ,

ನೀವು ತಿದ್ದಿಕೊಟ್ಟ ಪ್ರಶ್ನೆಗಳ ಹಾಳೆ ನನ್ನ ಮುಂದಿದೆ. ಅದರಲ್ಲಿ ಒಂದು ಪದ ಸರಿಯಿಲ್ಲ. ನಿಮಗೆ ತಿಳಿಸದೆ ಅದನ್ನು ಮುಟ್ಟಬಾರದು ಅನ್ನಿಸಿತು. ನೀವು ಬದುಕಿದ್ದಿದ್ದರೆ ಸಂಜೆ ನಿಮ್ಮ ಪ್ರಿಂಟಿಂಗ್ ಪ್ರೆಸ್ಸಿಗೆ ಬಂದು ಹೇಳುತ್ತಿದ್ದೆ. ನೀವು ತಕ್ಷಣ ಒಪ್ಪುತ್ತಿರಲಿಲ್ಲ. ಆಮೇಲೆ ಟಿಕೋಟಾದ ಬಸ್ಸಿನಲ್ಲಿ ಕೂತು ಯೋಚಿಸಿ, ಮನೆ ಮುಟ್ಟುವ ಮೊದಲೇ ಫೋನ್ ಮಾಡುತ್ತಿದ್ದಿರಿ.

ನೀವು ಹಾಳೆ ತಿದ್ದಿದ ದಿನ ಗಾಂಧಿ ಚೌಕದ ಹಿಂದಿನ ಓಣಿಯ ಪ್ರೆಸ್ಸಿನಲ್ಲಿ ನಿಮ್ಮ ಮೇಜಿನ ತುಂಬ ಮದುವೆ ಪತ್ರಿಕೆಗಳ ಪ್ರೂಫ್ ಇತ್ತು. ಅದನ್ನು ಬದಿಗೆ ಸರಿಸಿ ನನ್ನದನ್ನು ಎತ್ತಿಕೊಂಡಿರಿ. ಕ್ಯಾನ್ಸರಿಗೆ ಚಿಕಿತ್ಸೆ ಪಡೆದ ಮಕ್ಕಳು ದಿನದ ಕೆಲಸಗಳನ್ನು ಎಷ್ಟರ ಮಟ್ಟಿಗೆ ತಾವೇ ಮಾಡಿಕೊಳ್ಳುತ್ತಾರೆ ಎಂದು ತಿಳಿಯುವ ಪ್ರಶ್ನೆಗಳು ಅವು. ನಡೆಯುವುದು, ಮೆಟ್ಟಿಲು ಹತ್ತುವುದು, ಮೈ ತೊಳೆದುಕೊಳ್ಳುವುದು, ಅಂಗಿಯ ಗುಂಡಿ ಹಾಕಿಕೊಳ್ಳುವುದು. ಇಂಗ್ಲಿಷಿನಿಂದ ಕನ್ನಡಕ್ಕೆ ತಂದದ್ದು ನಾನು. 'ನಿಮ್ಮ ಮಗುವಿಗೆ ಮೆಟ್ಟಿಲುಗಳನ್ನು ಹತ್ತುವಲ್ಲಿ ಕಷ್ಟ ಉಂಟಾಗುತ್ತದೆಯೇ?' ಎಂದು ಬರೆದಿದ್ದೆ. ನೀವು ಕನ್ನಡಕವನ್ನು ಹಣೆಗೇರಿಸಿದಿರಿ.

"ಯವ್ವಾ, ಇದು ಕನ್ನಡ ಅಲ್ಲ. ಕನ್ನಡದ ಅರಿವಿ ಹಾಕ್ಕೊಂಡು ನಿಂತೈತಿ."

ನಾನು ಓದುವ ಅನುವಾದದ ಕಾದಂಬರಿಗಳ ಬಗ್ಗೆಯೂ ನಿಮ್ಮದು ಇದೇ ಮಾತು. ಮಾತು ಸ್ವಲ್ಪ ಬೇರೆ ಊರಿನದು ಅನ್ನಿಸಿದರೆ ಓದುವವರು ನಿಧಾನಿಸುತ್ತಾರೆ, ಅದೂ ಒಳ್ಳೆಯದೇ ಎಂದು ನಾನು ವಾದಿಸುತ್ತಿದ್ದೆ. ಕಾದಂಬರಿಗೆ ಅದು ನಡೆಯುತ್ತದೆ, ದವಾಖಾನೆಗೆ ನಡೆಯುವುದಿಲ್ಲ ಎಂದು ನೀವು ಅಂದು ಹೇಳಿದಿರಿ. 'ಕಷ್ಟ ಉಂಟಾಗುತ್ತದೆ'ಯನ್ನು ಹೊಡೆದು ಅಂಚಿನಲ್ಲಿ 'ತ್ರಾಸ' ಎಂದು ಬರೆದಿರಿ. ಹೊಟ್ಟೆ ನೋವಿಗೂ ತ್ರಾಸ, ಬಸ್ಸು ತಪ್ಪಿದರೂ ತ್ರಾಸ. ತಿಳಿಯದವರು ಯಾರಿದ್ದಾರೆ? ನಿಜ. ಎಲ್ಲರಿಗೂ ತಿಳಿಯಿತು. ಆದರೆ ಅವರಿಗೆ ತಿಳಿದದ್ದು...

ಸವಿತಾ ಮೊದಲ ಸಲ ಈ ಕೋಣೆಗೆ ಬಂದಾಗ ಬಾಗಿಲಲ್ಲೇ ಅವಳ ಎಡಗಾಲಿನ ಚಪ್ಪಲಿ ಕಳಚಿತು. ನಿಡೋಣಿಯ ಹುಡುಗಿ, ಹದಿನಾಲ್ಕು ವರ್ಷ. ರಕ್ತದ ಕ್ಯಾನ್ಸರ್ ಇತ್ತು, ಈಗ ಇಲ್ಲ. ಔಷಧಿಯಿಂದ ಕಾಲಿನ ನರಗಳು ಸೋತಿವೆ. ಪಾದದ ಮುಂಭಾಗ ಮೇಲೇಳುವುದಿಲ್ಲ, ನಡೆಯುವಾಗ ಬೆರಳು ನೆಲಕ್ಕೆ ತಾಗುತ್ತದೆ. ಪಾದವನ್ನು ಎತ್ತಿ ಹಿಡಿಯುವ ಪಟ್ಟಿ ಹಾಕಿ, ವಾರವಾರ ವ್ಯಾಯಾಮ ಮಾಡಿಸಿದರೆ ಸುಧಾರಿಸಬಹುದು. ಆದರೆ ಹಾಳೆಯ ಪ್ರಕಾರ ಅವಳಿಗೆ ಏನೂ ಬೇಕಾಗಿಲ್ಲ. ಪ್ರತಿ ಪ್ರಶ್ನೆಗೂ ತಾಯಿ ಗೌರವ್ವ ತ್ರಾಸವಿಲ್ಲ ಎಂದೇ ಉತ್ತರಿಸಿದ್ದಳು. ಮಕ್ಕಳೇ ಉತ್ತರಿಸಬೇಕಾದ ಹಾಳೆ ಬೇರೆ ಇದೆ, ಆದರೆ ಹೊತ್ತು ಉಳಿಯಲಿ ಎಂದು ಇಲ್ಲಿ ಎರಡನ್ನೂ ತಾಯಂದಿರಿಗೇ ಕೇಳುವ ರೂಢಿ. ಕೋಣೆಯ ಮರದ ಮೆಟ್ಟಿಲನ್ನೂ ಸವಿತಾ ಪಕ್ಕದ ಕಂಬಿ ಹಿಡಿದು ಹತ್ತಿ ತೋರಿಸಿದಳು. ಡಾಕ್ಟರು ಉತ್ತರಗಳಿಗೆ ಬಂದ ಅಂಕ ನೋಡಿ ಸಂತೋಷಪಟ್ಟರು. ಇನ್ನು ವಾರವಾರ ಬರುವುದು ಬೇಡ, ಬಬಲೇಶ್ವರದ ಹೈಸ್ಕೂಲಿಗೆ ಮೊದಲಿನಂತೆ ಹೋಗಲಿ ಎಂದರು. ಬಾಗಿಲಲ್ಲಿ ಕಳಚಿದ ಚಪ್ಪಲಿಗೆ ಯಾವ ಹಾಳೆಯಲ್ಲೂ ಜಾಗವಿರಲಿಲ್ಲ.

ನಿನ್ನೆ ಅವರದು ಕೊನೆಯ ಭೇಟಿ ಆಗಬೇಕಿತ್ತು. ನಾನು ಪ್ರಶ್ನೆಗಳನ್ನು ಮತ್ತೊಮ್ಮೆ ಕೇಳಿದೆ. ಗೌರವ್ವ ಸೆರಗು ಸರಿಮಾಡಿಕೊಂಡು, ಕೊಂಚ ಸಿಟ್ಟಿನಿಂದಲೇ ನನ್ನನ್ನು ನೋಡಿದಳು.

"ಎಷ್ಟ ಸರ್ತಿ ಕೇಳ್ತೀರಿ ಅಕ್ಕಾರ? ನನ್ನ ಮಗಳು ಯಾರಿಗೂ ತ್ರಾಸ ಕೊಡಾಕಿ ಅಲ್ರಿ. ಸೂಜಿ ಚುಚ್ಚುವಾಗೂ ಆಕಿ ಬಾಯಿ ಬಿಟ್ಟಿಲ್ಲ."

ಮಾಮಾ, ಅವಳು ಪ್ರಶ್ನೆಯನ್ನು ದೂರಿನ ಹಾಗೆ ಕೇಳಿಸಿಕೊಂಡಿದ್ದಳು. ಮಗಳು ಮೆಟ್ಟಿಲು ಹತ್ತಲು ತ್ರಾಸ ಕೊಡುತ್ತಾಳೆಯೇ, ಸ್ನಾನಕ್ಕೆ ತ್ರಾಸ ಕೊಡುತ್ತಾಳೆಯೇ ಎಂದು. ಇಷ್ಟೆಲ್ಲ ಸಹಿಸಿಕೊಂಡ ಮಗಳ ಮೇಲೆ ಯಾವ ತಾಯಿ ದೂರು ಹೇಳುತ್ತಾಳೆ?

ಬಸ್ಸು ಹೇಗೆ ಹತ್ತುತ್ತೀ ಎಂದು ನಾನು ಸವಿತಾಳನ್ನೇ ಕೇಳಿದೆ. ಅವ್ವ ಹಿಂದಿನಿಂದ ನೂಕುತ್ತಾಳೆ ಎಂದಳು. ಗೌರವ್ವನಿಗೆ ನಗು ಬಂತು. ಕಂಡಕ್ಟರ್ ಪ್ರತಿ ಸಲ ಚೇಷ್ಟೆ ಮಾಡುತ್ತಾನಂತೆ: "ಏನಬೇ, ಮಗಳನ್ನ ಹತ್ತಸಾಕತ್ತೀಯೋ, ಜ್ವಾಳದ ಚೀಲ ಹತ್ತಸಾಕತ್ತೀಯೋ?" ಅವಳು ಅದನ್ನು ಕಂಡಕ್ಟರನ ದನಿಯಲ್ಲೇ ಹೇಳಿದಳು. ಶಾಲೆ ಶುರುವಾದರೂ ಚಿಂತೆಯಿಲ್ಲ, ತಾನೇ ದಿನಾ ಜೊತೆಗೆ ಹೋಗಿ ಬರುತ್ತೇನೆ, ಹೊಲದ ಕೆಲಸ ನೋಡಿಕೊಳ್ಳಲು ಮೈದುನ ಇದ್ದಾನೆ ಎಂದಳು. ಸವಿತಾ ನಗಲಿಲ್ಲ. ಚಪ್ಪಲಿಯ ಪಟ್ಟಿಯನ್ನು ಬೆರಳಿಂದ ಎಳೆಯುತ್ತ, ನನ್ನ ಕಡೆಗೂ ನೋಡದೆ ಹೇಳಿದಳು.

"ಅವ್ವ ಬರೂದಾದ್ರ ನಾ ಸಾಲಿಗಿ ಹೋಗಂಗಿಲ್ರಿ."

ಗೌರವ್ವ ಈ ಮಾತನ್ನು ಮೊದಲ ಸಲ ಕೇಳುತ್ತಿದ್ದಳು. ಅದು ಅವಳ ಮುಖದಿಂದಲೇ ತಿಳಿಯಿತು. ಅವಳು ಬಗ್ಗಿ ಮಗಳ ಚಪ್ಪಲಿಯನ್ನು ಕಾಲಿಗೆ ಸೇರಿಸಿದಳು. ಸವಿತಾ ಕಾಲು ಹಿಂದಕ್ಕೆಳೆದುಕೊಂಡಳು.

ಟಿಕೋಟಾದ ನಿಮ್ಮ ಮನೆಗೆ ಕಳೆದ ಚಳಿಗಾಲದಲ್ಲಿ, ನೀವು ಕಾಯಿಲೆ ಬಿದ್ದಿದ್ದಾಗ, ಬಂದ ನಾನು ನಿಮ್ಮನ್ನೂ ಇವೇ ಪ್ರಶ್ನೆಗಳನ್ನು ಕೇಳಿದ್ದೆ, ಹಾಳೆ ಇಲ್ಲದೆ. ಏಳಲಾಗುತ್ತದೆಯೇ, ಅಂಗಿ ಹಾಕಿಕೊಳ್ಳಲಾಗುತ್ತದೆಯೇ. "ತ್ರಾಸೇನಿಲ್ಲ ಯವ್ವಾ, ಆರಾಮ ಅದೀನಿ" ಎಂದಿರಿ. ನೀವು ಹಾಗನ್ನುವಾಗ ಅತ್ತೆ ನಿಮ್ಮ ಅಂಗಿಯ ಗುಂಡಿ ಹಾಕುತ್ತಿದ್ದರು. ಕಾಯಿಲೆಯನ್ನು ಮುಚ್ಚಿಡುತ್ತಿದ್ದೀರಿ ಎಂದುಕೊಂಡೆ. ಈಗ ಹಾಗನ್ನಿಸುತ್ತಿಲ್ಲ. ನೀವು ಉತ್ತರ ಹೇಳಿದ್ದು ನನ್ನನ್ನು ನೋಡಿಕೊಂಡಲ್ಲ, ಅತ್ತೆಯನ್ನು ನೋಡಿಕೊಂಡು. ಅದು ನನಗೆ ಕೊಟ್ಟ ಉತ್ತರವೋ, ನನ್ನಿಂದ ನಿನಗೆ ತ್ರಾಸವೇ ಎಂದು ಅವರಿಗೆ ಕೇಳಿದ ಪ್ರಶ್ನೆಯೋ...

ಇನ್ನು ಕೆಲಸದ ಮಾತು. ನನ್ನ 'ಕಷ್ಟ ಉಂಟಾಗುತ್ತದೆ' ಮತ್ತೆ ಬರುವುದಿಲ್ಲ, ಅದರ ಬಗ್ಗೆ ನೀವು ಹೇಳಿದ್ದು ಸರಿ. ನಿಮ್ಮ 'ತ್ರಾಸ'ವೂ ಉಳಿಯುವುದಿಲ್ಲ. 'ಹೋದ ವಾರ ನೀನು ಮೆಟ್ಟಿಲು ಹತ್ತುವಾಗ ಯಾರು ಹಿಡಿದಿದ್ದರು?' ಎಂದು ಕೇಳಬೇಕೆಂದಿದ್ದೇನೆ. ಮೊದಲು ಮಗುವನ್ನು, ಆಮೇಲೆ ತಾಯಿಯನ್ನು. ಇದರಲ್ಲಿ ಹೆಮ್ಮೆಗೂ ನಾಚಿಕೆಗೂ ಜಾಗ ಕಡಿಮೆ. ಮನಸ್ಸಿಗೆ ಬಂದಂತೆ ಪ್ರಶ್ನೆ ಬದಲಿಸಿದರೆ ಬೇರೆ ಊರಿನ ಅಂಕಗಳ ಜೊತೆ ಹೋಲಿಸಲು ಬರುವುದಿಲ್ಲ ಎಂದು ಡಾಕ್ಟರು ಹೇಳುತ್ತಾರೆ. ಅದೂ ಸರಿಯೇ. ಹಳೆಯ ಪದ ಕೇಳಿ ಉತ್ತರ ಕೊಟ್ಟ ಮಕ್ಕಳನ್ನೆಲ್ಲ ಮತ್ತೆ ಕರೆಸಬೇಕಾಗುತ್ತದೆ. ಎಷ್ಟು ಮಂದಿ ಬಂದಾರು, ಗೊತ್ತಿಲ್ಲ.

ಸವಿತಾಳಿಗೆ ಮುಂದಿನ ವಾರವೂ ಬರಲು ಹೇಳಿದ್ದೇನೆ, ಯಾರನ್ನೂ ಕೇಳದೆ. ಅವಳನ್ನು ಈ ಮರದ ಮೆಟ್ಟಿಲಿನ ಮೇಲೆ ಅಲ್ಲ, ಬಸ್ ಸ್ಟ್ಯಾಂಡಿಗೆ ಕರೆದುಕೊಂಡು ಹೋಗಿ, ನಿಂತ ಬಸ್ಸಿನ ಮೆಟ್ಟಿಲಿನ ಮೇಲೆ ನೋಡುತ್ತೇನೆ. ಗೌರವ್ವ ಅಷ್ಟು ಹೊತ್ತು ದೂರ ನಿಲ್ಲಲು ಒಪ್ಪಿದ್ದಾಳೆ.

ಈ ಹಾಳೆಯ ಬಗ್ಗೆ ಡಾಕ್ಟರ ಮೀಟಿಂಗು ಸೋಮವಾರ. ಹಾಳೆಯ ಅಂಚಿನಲ್ಲಿ ನಿಮ್ಮ ಅಕ್ಷರ ಇನ್ನೂ ಹಾಗೇ ಇದೆ, ಒತ್ತು ಸ್ವಲ್ಪ ದೊಡ್ಡದಾಗಿ. ಅಂದು ಬೆಳಿಗ್ಗೆ ಅದರ ಮೇಲೆ ಗೆರೆ ಎಳೆದು, ಪಕ್ಕದಲ್ಲಿ ನೀವು ಕಲಿಸಿದ, ತೆಗೆಯಬೇಕೆನ್ನುವ ಸುರುಳಿ ಗುರುತು ಹಾಕುತ್ತೇನೆ. ಪೆನ್ಸಿಲಿನಲ್ಲಿ ಅಲ್ಲ, ಕೆಂಪು ಶಾಯಿಯಲ್ಲಿ.